ವಿಮಾನದ ಗಡಿಯಾರ, ಪ್ರಯಾಣಿಕನ ಗಡಿಯಾರ

ಪ್ಯಾರಿಸ್ಸಿನಿಂದ ಬೆಳಿಗ್ಗೆ ಹತ್ತು ಗಂಟೆಗೆ ಹೊರಟ ವಿಮಾನವು ಲಂಡನ್ನನ್ನು ಹತ್ತೂಕಾಲಕ್ಕೆ ಸೇರುತ್ತದೆಂದರೆ ವಾಚಕರು ನಂಬುವರೆ? ವೇಳಾಪಟ್ಟಿಯಲ್ಲಿ ಇಂಥ ಸಾಲು ಕಂಡರೆ ಅಚ್ಚಿನ ತಪ್ಪೆಂದು ತಿಳಿಯಬೇಕಾಗಿಲ್ಲ. ಲಂಡನ್ನಿನ ಗಡಿಯಾರವು ಪ್ಯಾರಿಸ್ಸಿನದಕ್ಕಿಂತ ಒಂದು ಗಂಟೆ ಹಿಂದೆ. ಹಾರಾಟದ ಕಾಲ ಒಂದೂಕಾಲು ಗಂಟೆ. ಅಚ್ಚಾದ ಅಂಕಿಯು ಸುಳ್ಳಾಡದೆಯೂ ನಮ್ಮನ್ನು ದಾರಿ ತಪ್ಪಿಸಬಲ್ಲದು.

ಈಚೆಗೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಇದೇ ವಿಷಯವಾಗಿ ವಾದ ನಡೆಯಿತು. ಈ ಎರಡು ನಗರಗಳ ನಡುವೆ ನೇರ ದೂರ ಸುಮಾರು 340 ಕಿಲೋಮೀಟರ್. ವಿಮಾನಕ್ಕೆ ಒಂದೂಕಾಲು ಗಂಟೆ, ರೈಲಿಗೆ ಸುಮಾರು ಎರಡೂಕಾಲು ಗಂಟೆ. "ಇದರಲ್ಲಿ ವಾದಕ್ಕೆ ಆಸ್ಪದವೆಲ್ಲಿ?" ಎಂದರು ಮಿತ್ರರು. ರೈಲಿನ ಪಕ್ಷ ಹಿಡಿದವನು ನಾನೊಬ್ಬನೇ. ಆ ನಗರಗಳನ್ನು ನಾನು ಕಂಡವನಲ್ಲ. ಆದರೆ ಲೆಕ್ಕ ಹಾಕಲು ಕಾಗದ, ಪೆನ್ಸಿಲು ಸಾಕಷ್ಟೆ.

ಹೀತ್ರೋ ವಿಮಾನ ನಿಲ್ದಾಣವು ಲಂಡನ್ನಿನ ನಡುಭಾಗದಿಂದ 20 ಕಿಲೋಮೀಟರಿಗೂ ದೂರ. ಪ್ಯಾರಿಸ್ಸಿನ ಷಾರ್ಲ್ ದ ಗಾಲ್ ನಿಲ್ದಾಣವೂ ಊರಿನಿಂದ ಅಷ್ಟೇ ಹೊರಗೆ. ಅಲ್ಲಿಗೆ ಹೋಗಲು ಒಂದು ಗಂಟೆ, ತಪಾಸಣೆಗೆಂದು ಎರಡು ಗಂಟೆ, ಹಾರಾಟಕ್ಕೆ ಒಂದೂಕಾಲು, ಇಳಿದು ಪಾಸ್‌ಪೋರ್ಟು ತೋರಿಸಿ ಊರು ಸೇರಲು ಒಂದೂವರೆ: ಒಟ್ಟು ಐದೂಮುಕ್ಕಾಲು ಗಂಟೆ. ರೈಲು ನಿಲ್ದಾಣಗಳೋ ಊರೊಳಗೇ ಇವೆ. ಎರಡೂ ದೇಶಗಳ ಪಾಸ್‌ಪೋರ್ಟು ತಪಾಸಣೆ ಹೊರಡುವಲ್ಲಿಯೇ ಮುಗಿಯುತ್ತದೆ. ಹೋಗಲು ಬರಲು ಒಂದು ಗಂಟೆ, ಕಾಯಲು ಒಂದೂಕಾಲು ಗಂಟೆ ಸೇರಿಸಿದರೂ ನಾಲ್ಕೂವರೆ ಗಂಟೆಯಾಯಿತು. ಉಳಿದದ್ದು ಒಂದೂಕಾಲು ಗಂಟೆ, ವಿಮಾನದ ಹಾರಾಟದಷ್ಟೇ!

ಚರಿತ್ರೆಯೂ ಇದನ್ನೇ ಹೇಳುತ್ತದೆ. 1909ರಲ್ಲಿ ಬ್ಲೇರಿಯೋ ಎಂಬ ಫ್ರೆಂಚ್ ಸಾಹಸಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಸುಮಾರು 37 ನಿಮಿಷಗಳಲ್ಲಿ ಹಾರಿದಾಗ ಜಗತ್ತೇ ಬೆರಗಾಯಿತು. 1919ರಲ್ಲಿ ಲಂಡನ್-ಪ್ಯಾರಿಸ್ ದೈನಂದಿನ ವಿಮಾನ ಆರಂಭವಾದಾಗ ಹಾರಾಟಕ್ಕೆ ಎರಡೂವರೆ ಗಂಟೆ ಬೇಕಾಗಿತ್ತು. ಆ ಕಾಲವೀಗ ಅರ್ಧವಾಗಿದೆ. ನೆಲದ ಮೇಲೆ ಕಾಯುವ ಕಾಲ ಬೆಳೆದಿದೆ. ಇತ್ತ 1994ರಲ್ಲಿ ಕಡಲಡಿಯ 50 ಕಿಲೋಮೀಟರ್ ಸುರಂಗ ತೆರೆಯಿತು. ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ರೈಲು, ಇಂಗ್ಲೆಂಡಿನ ಕಡೆ ಹೊಸ ಹಳಿ ಪೂರ್ಣವಾದ 2007ರಿಂದ ಎರಡೂಕಾಲು ಗಂಟೆಗೆ ಇಳಿಯಿತು.

ವಿಮಾನವೇ ಬೇಡವೆಂದು ನಾನು ಹೇಳುವವನಲ್ಲ. ಲಂಡನ್ನಿನಲ್ಲಿಳಿದು ಬೇರೆ ವಿಮಾನ ಹಿಡಿಯುವವನಿಗೆ, ನಿಲ್ದಾಣದ ಮಗ್ಗುಲಲ್ಲೇ ಮನೆಯುಳ್ಳವನಿಗೆ ಅದೇ ಸುಲಭ. ದೂರದ ಬೆಟ್ಟ ನುಣ್ಣಗೆ ಕಾಣುವಂತೆ ಹಾರಾಟದ ಅಂಕಿಯು ನುಣ್ಣಗೆ ಕಾಣುತ್ತದೆಂದಷ್ಟೇ ನನ್ನ ವಾದ. ಪ್ರಯಾಣವನ್ನು ಹೊಸ್ತಿಲಿನಿಂದ ಹೊಸ್ತಿಲಿಗೆ ಅಳೆಯಬೇಕು.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ನಮ್ಮೂರಿನಿಂದ ಕಾಲೇಜಿಗೆ ಬಸ್ಸಿನ ದಾರಿ ಮುಕ್ಕಾಲು ಗಂಟೆ. ರಸ್ತೆಯವರೆಗೆ ನಡೆದು, ತುಂಬಿ ಬಂದ ಬಸ್ಸನ್ನು ಬಿಟ್ಟು, ಮತ್ತೊಂದಕ್ಕೆ ಕಾದದ್ದು ಸೇರಿದರೆ ಎರಡೂವರೆ ಗಂಟೆ. ಕಳೆದ ವರ್ಷ ವಿದ್ಯಾರ್ಥಿನಿಲಯ ಸೇರುವವರೆಗೆ ಮೊದಲ ಪಾಠದ ಹಾಜರಿ ನನಗೆ ಹಲವು ಸಲ ತಪ್ಪಿತು. ಇಂದಿಗೂ ಹಾಗೆ ಬರುವ ಸಹಪಾಠಿಗಳು ಅನೇಕರಿದ್ದಾರೆ. "ಮುಕ್ಕಾಲು ಗಂಟೆಯ ದಾರಿಗೆ ಇಷ್ಟು ತಡವೇ?" ಎಂದು ಪೂಜ್ಯ ಅಧ್ಯಾಪಕರು ಅವರನ್ನು ಕೇಳುವಾಗ, ದಯಮಾಡಿ ಯಾವ ಗಡಿಯಾರದಿಂದ ಕೇಳುತ್ತಿದ್ದೇವೆಂದು ಒಮ್ಮೆ ಯೋಚಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.