ಬೆರಳಿಟ್ಟು ಓದುವ ಪ್ರೋಟೀನು



ಮದ್ರಸಕ್ಕೆ ಹೊಸದಾಗಿ ಸೇರಿದ ಮಗು ಅಕ್ಷರದ ಕೆಳಗೆ ಬೆರಳಿಟ್ಟು ಓದುವುದನ್ನು ನೀವೆಲ್ಲ ನೋಡಿದ್ದೀರಿ. ಕೆಳಗೆ ಒಂದು ಚುಕ್ಕೆಯಿದ್ದರೆ ‘ಬಾ’, ಮೇಲೆ ಎರಡಿದ್ದರೆ ‘ತಾ’. ಚುಕ್ಕೆ ತಪ್ಪಿದರೆ ಪದದ ಅರ್ಥವೇ ಬೇರೆ. ನಮ್ಮ ಜೀವಕೋಶಗಳ ಒಳಗೂ ಹೀಗೆ ಬೆರಳಿಟ್ಟು ಓದುವ ಕೆಲಸ ಹಗಲಿರುಳು ನಡೆಯುತ್ತಿದೆ ಎಂದರೆ ನಂಬುವಿರಾ?

ಡಿಎನ್‌ಎ ಎಂಬುದು ತಿರುಚಿದ ಏಣಿಯಂತಹ ಎಳೆ. ಅದರ ಮೆಟ್ಟಿಲುಗಳಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಮನುಷ್ಯನಲ್ಲಿ ಇಂತಹ ಸುಮಾರು 300 ಕೋಟಿ ಮೆಟ್ಟಿಲುಗಳಿವೆ. ಯಾವ ಜೀನ್ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂದು ನಿಯಂತ್ರಿಸುವ ಪ್ರೋಟೀನುಗಳು ಈ ಅಕ್ಷರಗಳನ್ನು ಓದಿ ಸರಿಯಾದ ಜಾಗದಲ್ಲಿ ಕೂರಬೇಕು.

1985ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿ ಆರನ್ ಕ್ಲೂಗ್ ಮತ್ತು ಸಂಗಡಿಗರು ಆಫ್ರಿಕಾದ ಕಪ್ಪೆಯೊಂದರ ಅಂಡಕೋಶದ ಪ್ರೋಟೀನನ್ನು ಪರಿಶೀಲಿಸಿದರು. ಸುಮಾರು 30 ಅಮೈನೋ ಆಮ್ಲಗಳ ಪುಟ್ಟ ತುಣುಕು ಅದರಲ್ಲಿ ಒಂಬತ್ತು ಬಾರಿ ಮರುಕಳಿಸಿತ್ತು. ಪ್ರತಿ ತುಣುಕನ್ನೂ ಸತುವಿನ ಒಂದು ಅಯಾನು ಮಡಿಸಿ ಹಿಡಿದಿರುತ್ತದೆ. ಸತು ಇಲ್ಲದಿದ್ದರೆ ಮಡಿಕೆ ಬಿಚ್ಚಿಹೋಗುತ್ತದೆ. ಇದಕ್ಕೆ ಜಿಂಕ್ ಫಿಂಗರ್, ಅಂದರೆ ಸತುವಿನ ಬೆರಳು ಎಂಬ ಹೆಸರು ಬಂತು.

ಈ ಬೆರಳು ಓದುವುದು ಹೇಗೆ? ಡಿಎನ್‌ಎಯ ಹೊರಮೈಯಲ್ಲಿ ಋಣ ವಿದ್ಯುದಂಶವಿದೆ, ಪ್ರೋಟೀನಿನ ಕೆಲವು ಅಮೈನೋ ಆಮ್ಲಗಳಲ್ಲಿ ಧನ ವಿದ್ಯುದಂಶವಿದೆ. ಹೀಗಾಗಿ ಪ್ರೋಟೀನು ಮೊದಲು ಎಲ್ಲೆಂದರಲ್ಲಿ ಸಡಿಲವಾಗಿ ಅಂಟಿಕೊಂಡು, ಎಳೆಯ ಮೇಲೆ ಜಾರುತ್ತಾ ಹುಡುಕುತ್ತದೆ. ಏಣಿ ತಿರುಚಿರುವುದರಿಂದ ಉಂಟಾದ ಅಗಲವಾದ ತೋಡಿನೊಳಗೆ ಬೆರಳ ತುದಿ ಇಳಿಯುತ್ತದೆ. ಏಣಿಯನ್ನು ಬಿಚ್ಚಬೇಕಾಗಿಲ್ಲ, ಅಕ್ಷರಗಳ ಅಂಚು ಅಲ್ಲಿಯೇ ಸ್ಪರ್ಶಕ್ಕೆ ಸಿಗುತ್ತದೆ. ಉದಾಹರಣೆಗೆ, ಆರ್ಜಿನೈನ್ ಎಂಬ ಅಮೈನೋ ಆಮ್ಲವು ‘ಜಿ’ಯನ್ನು ಎರಡು ಹೈಡ್ರೋಜನ್ ಬಂಧಗಳಿಂದ ಹಿಡಿಯಬಲ್ಲದು. ಒಂದು ಬೆರಳು ಸುಮಾರು ಮೂರು ಅಕ್ಷರಗಳನ್ನು ಓದುತ್ತದೆ. ಒಂದೊಂದು ಬಂಧವೂ ದುರ್ಬಲವೇ. ಆದರೆ ಎಲ್ಲವೂ ಹೊಂದಿಕೊಂಡರೆ ಹಿಡಿತ ಬಿಗಿಯಾಗುತ್ತದೆ, ಇಲ್ಲವಾದರೆ ಪ್ರೋಟೀನು ಮುಂದೆ ಸಾಗುತ್ತದೆ.

ಇದನ್ನೆಲ್ಲ ತಿಳಿದು ನಮಗೇನು ಎನ್ನುವಿರಾ? ಥಲಸ್ಸೇಮಿಯಾ ಇರುವ ಮಗುವಿನ ತಾಯಿಯನ್ನು ನೆನೆಯಿರಿ. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು. ಹುಟ್ಟಿದ ಬಳಿಕ ಬಿಸಿಎಲ್11ಎ ಎಂಬ ಪ್ರೋಟೀನು ತನ್ನ ಸತುವಿನ ಬೆರಳುಗಳಿಂದ ‘ಟಿಜಿಎಸಿಸಿಎ’ ಎಂಬ ಆರು ಅಕ್ಷರಗಳನ್ನು ಗುರುತಿಸಿ ಕುಳಿತು, ಆ ಜೀನ್‌ನ ಕೆಲಸವನ್ನು ನಿಲ್ಲಿಸುತ್ತದೆ. ಬೀಟಾ ಥಲಸ್ಸೇಮಿಯಾ ತೀವ್ರವಾಗಿರುವ ಮಗುವಿಗೆ ಹಳೆಯದು ನಿಂತಿತು, ಹೊಸದು ಸರಿಯಾಗಿ ತಯಾರಾಗಲಿಲ್ಲ. ಎರಡರಿಂದ ಐದು ವಾರಗಳಿಗೊಮ್ಮೆ ರಕ್ತ ಕೊಡಿಸಲೇಬೇಕು. ಆದರೆ ಕೆಲವು ಕುಟುಂಬಗಳಲ್ಲಿ ಆ ಆರರಲ್ಲಿ ಒಂದಕ್ಷರ ಹುಟ್ಟಿನಿಂದಲೇ ಬೇರೆ. ಅವರಲ್ಲಿ ಬೆರಳಿಗೆ ಹಿಡಿತ ಸಿಗುವುದಿಲ್ಲ, ಶೈಶವದ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಉಳಿಯುತ್ತದೆ.

ರಕ್ತದ ಆಕರಕೋಶಗಳಲ್ಲಿ ಈ ಪ್ರೋಟೀನಿನ ತಯಾರಿಕೆಯನ್ನೇ ತಗ್ಗಿಸುವ ‘ಕ್ಯಾಸ್ಗೆವಿ’ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, 2024ರ ಜನವರಿಯಲ್ಲಿ ಥಲಸ್ಸೇಮಿಯಾಕ್ಕಾಗಿ ಅಮೆರಿಕ ಒಪ್ಪಿಗೆ ನೀಡಿದವು. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್!

ಅಷ್ಟು ದುಬಾರಿ ಮದ್ದು ನಮ್ಮ ಕೈಗೆಟುಕದು. ಕೈಗೆಟುಕುವ ಕೆಲಸವೊಂದಿದೆ. ಈ ರೋಗದ ವಾಹಕರು ನೋಡಲು ಆರೋಗ್ಯವಂತರೇ. ದಂಪತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಸಂಬಂಧದೊಳಗೆ ಮದುವೆ ಮಾಡುವವರು ಇನ್ನಷ್ಟು ಎಚ್ಚರ ವಹಿಸಬೇಕು. ಆದ್ದರಿಂದ ಸಹೋದರಿಯರೇ, ಮಹರ್, ಒಡವೆ, ಊಟದ ಮಾತಿಗೆ ಮೊದಲು ಹುಡುಗ ಹುಡುಗಿ ಇಬ್ಬರಿಗೂ ಹಿಮೋಗ್ಲೋಬಿನ್ ಎ2 ರಕ್ತಪರೀಕ್ಷೆ ಮಾಡಿಸಿರಿ. ನಾಳೆ ಒಂದು ಮಗು ಪಡುವ ನೋವನ್ನು ಇಂದಿನ ಒಂದು ಪರೀಕ್ಷೆ ತಪ್ಪಿಸಬಹುದು.