ಎರಡು ಗುಡ್ಡ, ಒಂದು ವೀಕೆಂಡ್

ವೀಕೆಂಡ್ ಟ್ರಿಪ್ ಅಂದರೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮೂರೇ ಹೆಸರು: ಚಿಕ್ಕಮಗಳೂರು, ಕೊಡಗು, ಸಕಲೇಶಪುರ. ಹಸಿರು, ಮಂಜು, ಕಾಫಿ. ಬೇಡ ಅನ್ನಲ್ಲ. ಆದರೆ ಕಣ್ಣು ಹಾಯುವಷ್ಟು ದೂರ ಕಪ್ಪು ಎರಿ ಹೊಲ, ಅದರ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಂತ ಬೋಳು ಗುಡ್ಡ, ಮೈಮೇಲೆ ಬಂದು ಬೀಳುವ ಗಾಳಿ. ಇದೂ ನಮ್ಮ ರಾಜ್ಯವೇ. ಲಡಾಖ್‌ಗೆ ಬೈಕ್ ಒಯ್ಯಲು ದುಡ್ಡು ಕೂಡಿಸುತ್ತಿರುವವರಿಗೆ ನನ್ನದೊಂದು ಸಲಹೆ: ಅದಕ್ಕೂ ಮೊದಲು ಗದಗ ಜಿಲ್ಲೆಯ ನರಗುಂದ, ರೋಣ, ಗಜೇಂದ್ರಗಡ ನೋಡಿಬನ್ನಿ.

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟರೆ ಬೆಳಗಿಗೆ ಹುಬ್ಬಳ್ಳಿ. ಅಲ್ಲಿಂದ ವಿಜಯಪುರದ ಹೆದ್ದಾರಿ ಹಿಡಿದು, ನವಲಗುಂದ ದಾಟಿದರೆ ನರಗುಂದ. ಸುಮಾರು 55 ಕಿಲೋಮೀಟರ್. ರಸ್ತೆ ನೇರ, ಭೂಮಿ ಸಪಾಟು. ಊರು ಇನ್ನೂ ದೂರ ಇರುವಾಗಲೇ ಗುಡ್ಡ ಕಾಣುತ್ತದೆ.

ನರಗುಂದದ ಕೋಟೆ ಗುಡ್ಡವನ್ನು ಬಿಸಿಲು ಏರುವ ಮೊದಲೇ ಹತ್ತಿಬಿಡಬೇಕು. ಹತ್ತುವುದು ಕಷ್ಟವೇನಲ್ಲ, ನೆರಳು ಮಾತ್ರ ಕಡಿಮೆ. 1858ರಲ್ಲಿ ಇಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದ. ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರ ಒಪ್ಪಿಗೆ ಕೊಟ್ಟಿರಲಿಲ್ಲ. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ತಲೆಯನ್ನು ನರಗುಂದಕ್ಕೆ ತಂದು ಊರ ಅಗಸಿಗೆ ತೂಗುಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ಜೂನ್‌ನಲ್ಲಿ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು.

ಮೇಲೆ ನಿಂತು ಕೆಳಗೆ ನೋಡಿದರೆ ಇನ್ನೊಂದು ಬಂಡಾಯದ ಜಾಗವೂ ಕಾಣುತ್ತದೆ. ಅದು ಇದೇ ಹೊಲಗಳ ಕಥೆ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬರದಿದ್ದರೂ ರೈತರು ಅಭಿವೃದ್ಧಿ ಕರ ಕಟ್ಟಬೇಕು ಎಂದಾಗ ಸಿಟ್ಟು ಸಿಡಿಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಪ್ರಾಣ ಕಳೆದುಕೊಂಡರು. ಇಂದಿಗೂ ಪ್ರತಿ ವರ್ಷ ಆ ದಿನ ಇಲ್ಲಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ. 2015ರಲ್ಲಿ ಕಳಸಾ-ಬಂಡೂರಿ ಹೋರಾಟಕ್ಕೂ ಇದೇ ಊರು ಗಟ್ಟಿ ನೆಲೆಯಾಯಿತು. ಅಂದರೆ ನಾಲ್ಕು ದಶಕ ಕಳೆದರೂ ಕೇಳುತ್ತಿರುವುದು ಅದನ್ನೇ: ನೀರು.

ನಮ್ಮ ಜೊತೆ ಬಂದಿದ್ದ ಹುಡುಗನೊಬ್ಬ ಗುಡ್ಡದ ಮೇಲೆ ಸೆಕೆಯೆಂದು ಬಾಟಲಿಯ ನೀರನ್ನು ತಲೆಗೆ ಸುರಿದುಕೊಂಡ. ಅಲ್ಲೇ ಆಡು ಮೇಯಿಸುತ್ತಿದ್ದ ಅಜ್ಜ ನಗುತ್ತಲೇ ಕೇಳಿದರು: “ತಮ್ಮಾ, ಅದನ್ನ ಕುಡ್ಯಾಕ ತಂದೀಯೋ, ಜಳಕಾ ಮಾಡಾಕೋ?” ಹುಡುಗ ಬಾಟಲಿಯ ಮುಚ್ಚಳ ಹಾಕಿದ. ಯಾವ ವೀರಗಲ್ಲೂ ಇಷ್ಟು ಬೇಗ ಅರ್ಥ ಮಾಡಿಸುತ್ತಿರಲಿಲ್ಲ.

ಅಲ್ಲಿಂದ ರೋಣ ಸುಮಾರು ಒಂದು ತಾಸಿನ ದಾರಿ. ಪಂಡಿತ್ ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ್ದು ಇದೇ ರೋಣದಲ್ಲಿ. ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟಾಗ ಅವರಿಗೆ ಹನ್ನೊಂದು ವರ್ಷ. ನಾವು ಗೂಗಲ್ ಮ್ಯಾಪ್ ಇಲ್ಲದೆ ಪಕ್ಕದ ಓಣಿಗೂ ಹೋಗುವುದಿಲ್ಲ. ಕಾರಿನಲ್ಲಿ ಅವರ ಅಭಂಗ ಹಾಕಿ, ಕಿಟಕಿ ಇಳಿಸಿ, ಈ ಬಯಲಲ್ಲಿ ಹೋಗಿ ನೋಡಿ. ಆ ದನಿ ಅಷ್ಟು ಅಗಲ ಯಾಕಿದೆ ಅಂತ ಯಾರೂ ವಿವರಿಸಬೇಕಾಗಿಲ್ಲ.

ಗಜೇಂದ್ರಗಡದ ಕಡೆ ಹೋಗುವಾಗ ಸ್ವಲ್ಪ ಹೊರಳಿ ಸೂಡಿ ನೋಡಲೇಬೇಕು. ಹನ್ನೊಂದನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದ ಊರು. ಜೋಡು ಕಳಸದ ಗುಡಿ, ಕೆತ್ತನೆಯ ಗೋಡೆಗಳ ನಾಗಕುಂಡ ಇಲ್ಲಿವೆ. ಬರಗಾಲದ ನಾಡಿನಲ್ಲಿ ಒಂದು ಹೊಂಡಕ್ಕೆ ಗುಡಿಯಷ್ಟೇ ಶ್ರದ್ಧೆಯಿಂದ ಕಲ್ಲು ಕೆತ್ತಿದ್ದಾರೆ. ಮೆಟ್ಟಿಲ ಮೇಲೆ ಹತ್ತು ನಿಮಿಷ ಸುಮ್ಮನೆ ಕೂಡ್ರಿ, ರೀಲ್ಸ್ ಆಮೇಲೆ.

ಗಜೇಂದ್ರಗಡದಲ್ಲಿ ಎರಡು ಕೆಲಸ. ಸಂಜೆ ಕೋಟೆ, ಬೆಳಿಗ್ಗೆ ಕಾಲಕಾಲೇಶ್ವರ. ಕೋಟೆ ಇರುವುದು ಊರಿಗೆ ಅಂಟಿಕೊಂಡ ಗುಡ್ಡದ ಮೇಲೆ. 1785ರಲ್ಲಿ ಟಿಪ್ಪುವಿನ ಸೇನೆ ನರಗುಂದಕ್ಕೆ ಮುತ್ತಿಗೆ ಹಾಕಿದ್ದರಿಂದ ಹೊತ್ತಿದ ಮರಾಠ-ಮೈಸೂರು ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ಎರಡು ವರ್ಷದ ಆ ಯುದ್ಧದ ಮೊದಲನ್ನೂ ಕೊನೆಯನ್ನೂ ನೀವು ಒಂದೇ ದಿನದಲ್ಲಿ ದಾಟಿರುತ್ತೀರಿ. ಈಗ ಈ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳದ್ದೇ ಕಾವಲು.

ಕಾಲಕಾಲೇಶ್ವರ, ಜನರ ಬಾಯಲ್ಲಿ ಕಾಲಕಪ್ಪ. ಗುಡ್ಡದ ಮೈಗೆ ಅಂಟಿದ ಗುಡಿ, ಏರಲು ಮೆಟ್ಟಿಲು. ಅರಳಿ ಮರದ ಬೇರಿನ ಸಂದಿಯಿಂದ ಹೊಂಡಕ್ಕೆ ನೀರು ಬೀಳುತ್ತಲೇ ಇರುತ್ತದೆ, ಅದು ಅಂತರಗಂಗೆ. ಕಡು ಬೇಸಿಗೆಯಲ್ಲೂ ನಿಲ್ಲುವುದಿಲ್ಲ ಅನ್ನುತ್ತಾರೆ ಭಕ್ತರು.

ಸಂಜೆ ಚಹಾಕ್ಕೆಂದು ಬಸ್‌ಸ್ಟ್ಯಾಂಡಿನ ಕಡೆ ಹೋದಾಗ ಚೀಲ, ಗಂಟು, ಹಾಸಿಗೆ ಸುರುಳಿ, ಕಂಕುಳಲ್ಲಿ ಕೂಸು ಹೊತ್ತ ಮಂದಿ ಕಾದು ಕೂತಿದ್ದರು. ಪಕ್ಕದಲ್ಲಿದ್ದ ಅಕ್ಕನನ್ನು ಎಲ್ಲಿಗೆ ಅಂತ ಕೇಳಿದೆ. “ಮಂಗಳೂರಿಗ್ರಿ. ಕಟ್ಟಡದ ಕೆಲಸ.” ಯಾವಾಗ ವಾಪಸ್? “ಮಳಿ ಆದ್ರ ಹೆಸರು ಬಿತ್ತಾಕ ಬರ್ತೀವ್ರಿ. ಇಲ್ಲಂದ್ರ ಜಾತ್ರಿಗೆ.” ನಾವು ಎರಡು ದಿನ ಉಸಿರಾಡಲು ಬಂದ ಊರಿನಿಂದ ಅವರು ಹೊಟ್ಟೆಪಾಡಿಗೆ ಹೊರಟಿದ್ದರು. ನಮ್ಮಂಥವರ ಅಪಾರ್ಟ್‌ಮೆಂಟಿನ ಛತ್ತು ಹಾಕುವವರೂ ಇಂಥ ಊರುಗಳ ಕೈಗಳೇ. ಹಾಗಂತ ಟ್ರಿಪ್ ಬಿಡಬೇಕು ಅಂತಲ್ಲ. ಹೋದರೆ ನಾಲ್ಕು ದುಡ್ಡು ಅಲ್ಲೇ ಉಳಿಯುವ ಹಾಗೆ ಹೋಗಿ. ಬೆಂಗಳೂರಿನಿಂದ ಚಿಪ್ಸ್ ಪ್ಯಾಕೆಟ್ ಹೊರುವ ಬದಲು ಊರ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಝುಣಕಾ, ಶೇಂಗಾ ಚಟ್ನಿ ಉಣ್ಣಿ. ಸಂಜೆಗೆ ಗಿರ್ಮಿಟ್, ಮಿರ್ಚಿ ಬಜಿ ಇದ್ದೇ ಇದೆ.

ಇನ್ನು ಕೆಲವು ಮಾತು. ಮಾರ್ಚ್‌ನಿಂದ ಮೇವರೆಗೆ ಬೇಡ, ಬಂಡೆ ಕಾದ ಹೆಂಚಾಗಿರುತ್ತದೆ. ತಲೆಗೆ ಟೊಪ್ಪಿಗೆ, ಒಬ್ಬರಿಗೆ ಎರಡು ಲೀಟರ್ ನೀರು, ಗಟ್ಟಿ ಬೂಟು ಇರಲಿ. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಗಾಡಿ ಇಳಿಸಬೇಡಿ. ಎರಿ ಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಟ್ರ್ಯಾಕ್ಟರೇ ಬಂದು ಎಳೆಯಬೇಕು. ಖಾಲಿ ಬಾಟಲಿ ನಿಮ್ಮ ಜೊತೆಯೇ ಇಳಿಯಲಿ. ಒಳ್ಳೆಯ ರೂಮು ಬೇಕಾದರೆ ಬಾದಾಮಿ ಅಥವಾ ಗದಗದಲ್ಲಿ ಉಳಿಯಿರಿ.

ನನ್ನ ಮೆಚ್ಚಿನ ಕಾಲ ಎಳ್ಳ ಅಮಾವಾಸ್ಯೆಯ ಆಸುಪಾಸು. ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಸುಲಗಾಯಿ ಕಂಡು ಕೈ ತುರಿಸಿದರೆ ಕಿತ್ತುಕೊಳ್ಳುವ ಮೊದಲು ಹೊಲದವರನ್ನು ಒಂದು ಮಾತು ಕೇಳಿ. ಬೇಡ ಅನ್ನುವವರು ಕಡಿಮೆ. ಹಬ್ಬದ ದಿನವೇ ಆಗಿದ್ದರೆ ಬದುವಿನ ಮೇಲೆ ಕೂಡ್ರಿಸಿ ಸಜ್ಜಿ ರೊಟ್ಟಿ, ಪುಂಡಿಪಲ್ಯ ಬಡಿಸದೆ ಕಳಿಸುವುದಿಲ್ಲ.