ಹಾಲೊಸರುವ ಗಿಡದ ಕಡ್ಡಿಯನ್ನು ಕತ್ತರಿಸಿದ ಕೂಡಲೇ ನೆಡಬಹುದೇ?

ದಾಸವಾಳದ ಕಡ್ಡಿಯನ್ನು ಕತ್ತರಿಸಿ ಕೂಡಲೇ ಮಣ್ಣಿಗೆ ಊರುವುದು ನಮ್ಮಲ್ಲಿ ಅನೇಕರ ರೂಢಿ. ಆದರೆ ಕುಂಡಗಳಲ್ಲಿ ಕೆಂಪು ಹೂ ಬಿಡುವ, ಮೈತುಂಬ ಮುಳ್ಳಿರುವ ಯುಫೋರ್ಬಿಯಾ ಮಿಲಿ ಗಿಡಕ್ಕೆ ಈ ಆತುರ ಸಲ್ಲದು. ಮಡಗಾಸ್ಕರ್ ಮೂಲದ ಈ ಗಿಡ ನಮ್ಮ ಬೇಲಿಯ ಕಳ್ಳಿಯ ಜಾತಿಗೇ ಸೇರಿದ್ದು. ಎಲ್ಲಿ ಕತ್ತರಿಸಿದರೂ ಬಿಳಿ ಹಾಲು ಒಸರುತ್ತದೆ.

ಈ ಹಾಲು ಗಿಡದೊಳಗಿನ ಸೂಕ್ಷ್ಮ ನಾಳಗಳಲ್ಲಿ ಒತ್ತಡದಲ್ಲಿರುತ್ತದೆ. ಗಾಯವಾದಾಗ ಹೊರಬಂದು, ಒಣಗಿ, ಗಾಯವನ್ನು ಮುಚ್ಚುತ್ತದೆ. ಅದರಲ್ಲಿರುವ ಡೈಟರ್ಪೀನ್ ಎಸ್ಟರ್‌ಗಳೆಂಬ ರಾಸಾಯನಿಕಗಳು ಗಿಡವನ್ನು ಮೇಯುವ ಪ್ರಾಣಿಗಳಿಂದ ಕಾಯುತ್ತವೆ. ಅವೇ ನಮ್ಮ ಚರ್ಮದಲ್ಲಿ ಉರಿ, ಗುಳ್ಳೆ ಎಬ್ಬಿಸುತ್ತವೆ. ಕಣ್ಣಿಗೆ ಬಿದ್ದರೆ ಕಾರ್ನಿಯಾಕ್ಕೆ ಹಾನಿಯಾಗಬಹುದು. ಮೊದಲು ಸಣ್ಣ ಉರಿ ಎನಿಸಿದರೂ ಕೆಲವು ಗಂಟೆಗಳಲ್ಲಿ ನೋವು ಹೆಚ್ಚಿ ದೃಷ್ಟಿ ಮಸುಕಾಗಬಹುದು.

ಹಾಗಾಗಿ ಕೈಗವಸು, ಕನ್ನಡಕ ಧರಿಸಿಯೇ ಕತ್ತರಿಸೋಣ. ಸುಮಾರು 10 ಸೆಂ.ಮೀ. ಉದ್ದದ ಕಡ್ಡಿ ಸಾಕು. ಕತ್ತರಿಸಿದ ತುದಿಯನ್ನು ನೀರಿನಲ್ಲಿ ಅದ್ದಿದರೆ ಹಾಲು ನಿಲ್ಲುತ್ತದೆ. ನಂತರ ಕೆಲವು ದಿನ ನೆರಳಿನಲ್ಲಿ ಒಣಗಲು ಬಿಡಬೇಕು. ಹಸಿ ಗಾಯವನ್ನೇ ಒದ್ದೆ ಮಣ್ಣಿಗೆ ಊರಿದರೆ ಶಿಲೀಂಧ್ರ ತಗುಲಿ ಕಡ್ಡಿ ಕೊಳೆಯುತ್ತದೆ. ಗಾಯ ಮಾಗಿದ ಮೇಲೆ ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಹದವಾಗಿ ನೀರು ಕೊಟ್ಟರಾಯಿತು. ಕೆಲಸ ಮುಗಿದ ಮೇಲೆ ಕೈ, ಕತ್ತರಿ ಎರಡನ್ನೂ ಸೋಪು ಹಾಕಿ ತೊಳೆಯೋಣ.

ಹಾಲು ಕಣ್ಣಿಗೆ ಸಿಡಿದರೆ ಉಜ್ಜಬಾರದು. ಎದೆಹಾಲು, ಹರಳೆಣ್ಣೆ ಹಾಕಲೂಬಾರದು. ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು, ಉರಿ ಕಡಿಮೆಯಾದರೂ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು. ಗಿಡದ ಚಿತ್ರವೊಂದನ್ನು ತೋರಿಸಿದರೆ ಚಿಕಿತ್ಸೆಗೆ ಅನುಕೂಲ.